ತಂಗಿಗೆ ಗರ್ಭಕೋಶದ ಕ್ಯಾನ್ಸರ್, ನಾನು ಕ್ಯಾಲ್ಸಿಯಂ ಮಾತ್ರೆ ನಿಲ್ಲಿಸಬೇಕಾ?

ಪ್ರಶ್ನೆ: ನನಗೆ 53 ವರ್ಷ. ಮುಟ್ಟು ನಿಂತು ಮೂರು ವರ್ಷವಾಯಿತು. ಮಂಡಿ ನೋವು, ಬೆನ್ನು ನೋವು ಅಂತ ಹೋದಾಗ ಮೂಳೆ ಡಾಕ್ಟರು ದಿನಕ್ಕೆ ಎರಡು ಕ್ಯಾಲ್ಸಿಯಂ ಮಾತ್ರೆ ಬರೆದುಕೊಟ್ಟರು. ಎರಡು ವರ್ಷದಿಂದ ತೆಗೆದುಕೊಳ್ಳುತ್ತಿದ್ದೆ. ನನ್ನನ್ನು ನೋಡಿ ನನ್ನ ತಂಗಿಯೂ (ಅವಳಿಗೆ 47) ಅದೇ ಮಾತ್ರೆ ಶುರು ಮಾಡಿದಳು. ಹೋದ ತಿಂಗಳು ಅವಳಿಗೆ ಗರ್ಭಕೋಶದ ಕ್ಯಾನ್ಸರ್ ಅಂತ ಗೊತ್ತಾಯಿತು. ಆರಂಭದ ಹಂತ, ಆಪರೇಷನ್ ಮಾಡಿಸಿದರೆ ಸಾಕಾಗಬಹುದು ಅಂದಿದ್ದಾರೆ. ಕ್ಯಾಲ್ಸಿಯಂ ಜಾಸ್ತಿ ತಿಂದರೆ ಗರ್ಭಕೋಶದಲ್ಲಿ ಸುಣ್ಣ ಕಟ್ಟಿ ಕ್ಯಾನ್ಸರ್ ಆಗುತ್ತದೆ ಅಂತ ಒಬ್ಬರು ಮೊಬೈಲಿಗೆ ಕಳಿಸಿದ್ದಾರೆ. ನಾಲ್ಕು ವರ್ಷದ ಹಿಂದೆ ನನ್ನ ಸ್ಕ್ಯಾನಿಂಗ್ ರಿಪೋರ್ಟಿನಲ್ಲೂ 'ಕ್ಯಾಲ್ಸಿಫೈಡ್ ಫೈಬ್ರಾಯ್ಡ್' ಅಂತ ಬಂದಿತ್ತು. ನಮ್ಮ ಮನೆತನದಲ್ಲಿ ಹೆಂಗಸರಿಗೆ ಯಾರಿಗೂ ಈ ಕಾಯಿಲೆ ಇಲ್ಲ. ಅಪ್ಪ ಮಾತ್ರ 49ನೇ ವಯಸ್ಸಿಗೆ ದೊಡ್ಡ ಕರುಳಿನ ಕ್ಯಾನ್ಸರ್‌ನಿಂದ ತೀರಿಕೊಂಡರು. ಅದಕ್ಕೇ ಮಾತ್ರೆಯ ಮೇಲೆ ಅನುಮಾನ. ನಾನಂತೂ ನಿಲ್ಲಿಸಿಬಿಟ್ಟೆ. ನನಗೂ ಮೂರು ವಾರದ ಹಿಂದೆ ಎರಡು ದಿನ ಸ್ವಲ್ಪ ಕೆಂಪು ಕಾಣಿಸಿತ್ತು. ಮಾತ್ರೆ ಬಿಟ್ಟ ಮೇಲೆ ಅದೂ ನಿಂತಿದೆ. ತಂಗಿಗೂ ನಿಲ್ಲಿಸು ಅಂತ ಹೇಳಲಾ?
ದಾವಣಗೆರೆ ಜಿಲ್ಲೆಯ ಓದುಗರು

ಉತ್ತರ: ಕ್ಯಾಲ್ಸಿಯಂ ಮಾತ್ರೆಯಿಂದ ಗರ್ಭಕೋಶದ ಕ್ಯಾನ್ಸರ್ ಬರುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ಯಾಕೆ ಅನ್ನುವುದನ್ನು ಆಮೇಲೆ ವಿವರವಾಗಿ ಹೇಳುತ್ತೇನೆ. ಅದಕ್ಕೂ ಮುಂಚೆ ಬೇರೆ ಒಂದು ವಿಷಯ ಇದೆ. ನೀವು ಪತ್ರದ ಕೊನೆಯಲ್ಲಿ, ಹೇಳಿದರೂ ಆಯಿತು ಬಿಟ್ಟರೂ ಆಯಿತು ಅನ್ನುವ ಹಾಗೆ ಬರೆದ ಸಾಲು.

ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಒಂದು ಹನಿ ಕೆಂಪು ಕಂಡರೂ ಅದನ್ನು ಡಾಕ್ಟರಿಗೆ ತೋರಿಸಬೇಕು. ನಿಮಗೆ ಮೂರು ವರ್ಷ ಕಳೆದಿದೆ. ಎರಡು ದಿನ ಕಂಡಿದೆ. ದಯವಿಟ್ಟು ಈ ವಾರವೇ ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ. ಹಬ್ಬ ಮುಗಿಯಲಿ, ತಂಗಿಯ ಆಪರೇಷನ್ ಆಗಲಿ ಅಂತ ಮುಂದಕ್ಕೆ ಹಾಕಬೇಡಿ.

ಹೆದರಿಸಲು ಹೇಳುತ್ತಿಲ್ಲ. ಹೀಗೆ ಮುಟ್ಟು ನಿಂತ ಮೇಲೆ ರಕ್ತ ಕಾಣಿಸಿಕೊಂಡ ಹತ್ತು ಹೆಂಗಸರನ್ನು ಪರೀಕ್ಷೆ ಮಾಡಿದರೆ, ಸುಮಾರು ಒಂಬತ್ತು ಜನರಲ್ಲಿ ಕ್ಯಾನ್ಸರ್ ಇರುವುದಿಲ್ಲ. ಗರ್ಭಕೋಶದ ಒಳಪದರ ಒಣಗಿ ತೆಳುವಾಗಿರುತ್ತದೆ, ಅಥವಾ ಒಂದು ಸಣ್ಣ ಪಾಲಿಪ್, ಅಂದರೆ ಪದರದಲ್ಲಿ ಬೆಳೆದ ಗಂಟು ಇರುತ್ತದೆ. ಆದರೆ ಲೆಕ್ಕವನ್ನು ಆ ಕಡೆಯಿಂದ ನೋಡಿ. ಈ ವಯಸ್ಸಿನಲ್ಲಿ ಗರ್ಭಕೋಶದ ಕ್ಯಾನ್ಸರ್ ಇರುವ ಹತ್ತು ಜನರಲ್ಲಿ ಒಂಬತ್ತು ಜನರಿಗೆ ಮೊದಲು ಕಂಡ ಲಕ್ಷಣ ಇದೇ ಬ್ಲೀಡಿಂಗ್. ಇಷ್ಟು ಬೇಗ, ಇಷ್ಟು ಸ್ಪಷ್ಟವಾಗಿ ತಾನೇ ಬಂದು ಬಾಗಿಲು ತಟ್ಟುವ ಕ್ಯಾನ್ಸರ್ ಹೆಂಗಸರಿಗೆ ಬರುವವುಗಳಲ್ಲಿ ಕಡಿಮೆ. ಅಂಡಾಶಯದ್ದು ಹೊಟ್ಟೆ ತುಂಬುವ ತನಕ ಸುಮ್ಮನಿರುತ್ತದೆ. ಇದು ಹಾಗಲ್ಲ. ನಿಮ್ಮ ತಂಗಿಯದು ಆರಂಭದಲ್ಲೇ ಸಿಕ್ಕಿದ್ದು ಬಹುಶಃ ಇದೇ ಕಾರಣಕ್ಕೆ.

"ಮಾತ್ರೆ ಬಿಟ್ಟ ಮೇಲೆ ನಿಂತಿದೆ" ಅಂದಿದ್ದೀರಿ. ಈ ಬ್ಲೀಡಿಂಗ್ ಹಾಗೇ. ಎರಡು ದಿನ ಕಾಣುತ್ತದೆ, ತಾನಾಗಿ ನಿಲ್ಲುತ್ತದೆ, ತಿಂಗಳೋ ಮೂರು ತಿಂಗಳೋ ಬಿಟ್ಟು ಮತ್ತೆ ಕಾಣುತ್ತದೆ. ನೀವು ಮಾತ್ರೆ ಬಿಟ್ಟಿರಿ, ಅದು ನಿಂತಿತು. ಬಿಡದಿದ್ದರೂ ನಿಲ್ಲುತ್ತಿತ್ತು. ನನ್ನ ಹತ್ತಿರ ಬರುವವರು ಒಬ್ಬೊಬ್ಬರು ಒಂದೊಂದು ಬಿಟ್ಟಿರುತ್ತಾರೆ. ಒಬ್ಬರು ಬದನೆಕಾಯಿ ಬಿಟ್ಟಿದ್ದರು, ಇನ್ನೊಬ್ಬರು ಪಪ್ಪಾಯಿ. ಎಲ್ಲರಿಗೂ ನಿಂತಿತ್ತು! ಒಬ್ಬರು ಎಂಟು ತಿಂಗಳು ಹಾಗೇ ಕಳೆದು ಬಂದರು. ಆ ಎಂಟು ತಿಂಗಳ ಬಗ್ಗೆ ನನಗೆ ಇವತ್ತಿಗೂ ಬೇಜಾರಿದೆ.

ಹೋದರೆ ಏನು ಮಾಡುತ್ತಾರೆ? ಮೊದಲು ಒಳಗಿನಿಂದ ಸ್ಕ್ಯಾನಿಂಗ್. ಹೊಟ್ಟೆಯ ಮೇಲಿಂದ ಮಾಡುವುದಲ್ಲ, ಯೋನಿಯ ಮೂಲಕ ಸಣ್ಣ ಪ್ರೋಬ್ ಇಟ್ಟು ಮಾಡುವುದು. ಮುಜುಗರ ಆಗುತ್ತದೆ, ನೋವಾಗುವುದಿಲ್ಲ. ಗರ್ಭಕೋಶದ ಒಳಪದರ ಎಷ್ಟು ದಪ್ಪ ಇದೆ ಅಂತ ಅಳೆಯುತ್ತಾರೆ. ಮುಟ್ಟು ನಿಂತವರಲ್ಲಿ ಅದು 4 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕ್ಯಾನ್ಸರ್ ಇರುವ ಸಾಧ್ಯತೆ ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ದಪ್ಪ ಇದ್ದರೆ ಸಣ್ಣ ಕೊಳವೆಯಿಂದ ಒಳಪದರದ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಕೆಲವು ಸಲ ಕ್ಯಾಮೆರಾ ಹಾಕಿ ನೋಡಿ ತೆಗೆಯುತ್ತಾರೆ. ನಿಮ್ಮ ವಿಷಯದಲ್ಲಿ ನಾನಾಗಿದ್ದರೆ ಪದರ ತೆಳುವಾಗಿದ್ದರೂ ಬಯಾಪ್ಸಿ ಮಾಡಿಸುತ್ತಿದ್ದೆ. ಒಂದು, ಸುಣ್ಣಗಟ್ಟಿದ ಗಡ್ಡೆಯ ನೆರಳು ಬಿದ್ದು ಸ್ಕ್ಯಾನಿಂಗಿನಲ್ಲಿ ಪದರ ಸರಿಯಾಗಿ ಕಾಣದೇ ಇರಬಹುದು. ಇನ್ನೊಂದು ನಿಮ್ಮ ಅಪ್ಪನ ವಿಷಯ. ಅದಕ್ಕೆ ಬರುತ್ತೇನೆ.

"ಹೋದ ವರ್ಷ ಪ್ಯಾಪ್ ಟೆಸ್ಟ್ ಮಾಡಿಸಿದ್ದೆ, ನಾರ್ಮಲ್ ಇತ್ತು" ಅನ್ನುವ ಸಮಾಧಾನ ಇಲ್ಲಿ ನಡೆಯುವುದಿಲ್ಲ. ಪ್ಯಾಪ್ ಸ್ಮಿಯರ್ ಇರುವುದು ಗರ್ಭಕೋಶದ ಬಾಯಿಯ, ಅಂದರೆ ಗರ್ಭಕಂಠದ ಕ್ಯಾನ್ಸರ್ ಹಿಡಿಯಲು. ಅದು ವೈರಸ್‌ನಿಂದ ಬರುವ ಬೇರೆಯೇ ಕಾಯಿಲೆ. ನಾವು ಕನ್ನಡದಲ್ಲಿ ಎರಡಕ್ಕೂ 'ಗರ್ಭಕೋಶದ ಕ್ಯಾನ್ಸರ್' ಅಂದುಬಿಡುತ್ತೇವೆ, ಗೊಂದಲ ಅಲ್ಲಿಂದಲೇ ಶುರು. ನಿಮ್ಮ ತಂಗಿಯದು ಒಳಪದರದ್ದು ಅಂತ ಇಟ್ಟುಕೊಂಡು ಬರೆಯುತ್ತಿದ್ದೇನೆ. ಬಯಾಪ್ಸಿ ರಿಪೋರ್ಟಿನಲ್ಲಿ 'ಎಂಡೋಮೆಟ್ರಿಯಲ್' ಅಥವಾ 'ಎಂಡೋಮೆಟ್ರಿಯಾಯ್ಡ್' ಅಂತ ಇದ್ದರೆ ಅದೇ.

ಇನ್ನು ಕ್ಯಾಲ್ಸಿಯಂ.

ಒಂದು ಮಾತ್ರೆಯಿಂದ ಗರ್ಭಕೋಶದ ಕ್ಯಾನ್ಸರ್ ನಿಜವಾಗಿ ಬಂದರೆ ಅದು ಹೇಗೆ ಕಾಣುತ್ತದೆ ಅನ್ನುವುದು ವೈದ್ಯರಿಗೆ ಚೆನ್ನಾಗಿ ಗೊತ್ತು. ಯಾಕೆಂದರೆ ಒಂದು ಸಲ ಹಾಗೆ ಆಗಿದೆ. 1960 ಮತ್ತು 70ರ ದಶಕದಲ್ಲಿ ಅಮೆರಿಕದಲ್ಲಿ ಮುಟ್ಟು ನಿಂತ ಹೆಂಗಸರಿಗೆ ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನಿನ ಮಾತ್ರೆ ಧಾರಾಳವಾಗಿ ಕೊಡುತ್ತಿದ್ದರು. ಮೈ ಬಿಸಿಯಾಗುವುದು ನಿಲ್ಲುತ್ತದೆ, ಚರ್ಮ ಚೆನ್ನಾಗಿರುತ್ತದೆ ಅಂತ. 1975ರ ಡಿಸೆಂಬರ್‌ನಲ್ಲಿ ಎರಡು ಅಧ್ಯಯನ ಒಟ್ಟಿಗೆ ಪ್ರಕಟವಾದವು. ಒಂದರ ಪ್ರಕಾರ ಈ ಮಾತ್ರೆ ತೆಗೆದುಕೊಂಡವರಿಗೆ ಗರ್ಭಕೋಶದ ಕ್ಯಾನ್ಸರ್ ಬರುವ ಅಪಾಯ ನಾಲ್ಕೂವರೆ ಪಟ್ಟು. ಇನ್ನೊಂದರ ಪ್ರಕಾರ ಏಳೂವರೆ ಪಟ್ಟು. ಏಳು ವರ್ಷಕ್ಕಿಂತ ಜಾಸ್ತಿ ತೆಗೆದುಕೊಂಡವರಲ್ಲಿ ಸುಮಾರು ಹದಿನಾಲ್ಕು ಪಟ್ಟು. ಎಷ್ಟು ವರ್ಷ ತಿಂದರೆ ಅಷ್ಟು ಅಪಾಯ. ಸುದ್ದಿ ಹರಡಿತು, ಮಾತ್ರೆ ಬರೆಯುವುದು ಕಡಿಮೆಯಾಯಿತು, ಕೆಲವೇ ವರ್ಷಗಳಲ್ಲಿ ಕ್ಯಾನ್ಸರೂ ಇಳಿಯಿತು. ಆಮೇಲೆ ಈಸ್ಟ್ರೋಜನ್ ಜೊತೆಗೆ ಪ್ರೊಜೆಸ್ಟಿರೋನ್ ಅನ್ನುವ ಇನ್ನೊಂದು ಹಾರ್ಮೋನಿನ ಮಾತ್ರೆಯನ್ನೂ ಸೇರಿಸಿ ಕೊಡುವ ಪದ್ಧತಿ ಬಂತು. ಅದರಿಂದ ಗರ್ಭಕೋಶಕ್ಕೆ ರಕ್ಷಣೆ ಸಿಕ್ಕಿತು. ಹೆಜ್ಜೆ ಗುರುತು ಇಷ್ಟು ದೊಡ್ಡದಾಗಿರುತ್ತದೆ.

ಕ್ಯಾಲ್ಸಿಯಂ ಮಾತ್ರೆಯನ್ನು ಇದಕ್ಕಿಂತ ಕಟ್ಟುನಿಟ್ಟಾಗಿ ಪರೀಕ್ಷೆ ಮಾಡಿದ್ದಾರೆ. ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್ ಅನ್ನುವ ದೊಡ್ಡ ಯೋಜನೆಯಲ್ಲಿ ಮುಟ್ಟು ನಿಂತ 36,282 ಹೆಂಗಸರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ದಿನಕ್ಕೆ 1,000 ಮಿಲಿಗ್ರಾಂ ಕ್ಯಾಲ್ಸಿಯಂ ಮತ್ತು 400 ಯೂನಿಟ್ ವಿಟಮಿನ್ ಡಿ. ಇನ್ನೊಂದು ಗುಂಪಿಗೆ ನೋಡಲು ಅದೇ ಥರದ ಖಾಲಿ ಮಾತ್ರೆ. ಸುಮಾರು ಏಳು ವರ್ಷ. ಒಟ್ಟು ಕ್ಯಾನ್ಸರ್ ಸಂಖ್ಯೆ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ. ಮಾತ್ರೆ ನಿಲ್ಲಿಸಿದ ಮೇಲೂ ಆ ಹೆಂಗಸರನ್ನು ಬಿಡಲಿಲ್ಲ. ಇಪ್ಪತ್ತು ವರ್ಷ ಮೀರಿದ ಲೆಕ್ಕ 2024ರಲ್ಲಿ ಬಂತು. ಕ್ಯಾಲ್ಸಿಯಂ ಗುಂಪಿನಲ್ಲಿ ಕ್ಯಾನ್ಸರ್‌ನಿಂದ ಸತ್ತವರು ನೂರಕ್ಕೆ 7ರಷ್ಟು ಕಡಿಮೆ, ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ ಸತ್ತವರು ನೂರಕ್ಕೆ 6ರಷ್ಟು ಜಾಸ್ತಿ. ಒಟ್ಟು ಸಾವಿನಲ್ಲಿ ವ್ಯತ್ಯಾಸ ಇಲ್ಲ. ಮೂವತ್ತಾರು ಸಾವಿರ ಜನರಲ್ಲಿ ಕ್ಯಾನ್ಸರ್ ಹುಟ್ಟಿಸುವ ಮಾತ್ರೆ ಹೀಗೆ ತಣ್ಣಗೆ ಕೂರುವುದಿಲ್ಲ.

ಇದರ ಎದುರು ಪಕ್ಷದ ಮಾತನ್ನೂ ಹೇಳಬೇಕು. ಅಮೆರಿಕದ ನರ್ಸ್‌ಗಳನ್ನು 26 ವರ್ಷ ಹಿಂಬಾಲಿಸಿದ ಅಧ್ಯಯನದಲ್ಲಿ, ಹಾಲು ಮತ್ತು ಹಾಲಿನ ಪದಾರ್ಥ ತುಂಬಾ ಜಾಸ್ತಿ ತೆಗೆದುಕೊಳ್ಳುವವರಲ್ಲಿ, ಅದೂ ಮುಟ್ಟು ನಿಂತು ಹಾರ್ಮೋನ್ ತೆಗೆದುಕೊಳ್ಳದವರಲ್ಲಿ, ಈ ಕ್ಯಾನ್ಸರ್ ಸ್ವಲ್ಪ ಹೆಚ್ಚು ಕಂಡಿತು. ಅಲ್ಲಿ ಅನುಮಾನ ಇದ್ದಿದ್ದು ಹಾಲಿನಲ್ಲಿರುವ ಹಾರ್ಮೋನ್ ಮೇಲೆ. ಇನ್ನು ಕ್ಯಾಲ್ಸಿಯಂ ಮಾತ್ರೆಯನ್ನೇ ನೋಡಿದ ಕೆಲವು ಅಧ್ಯಯನಗಳಲ್ಲಿ ಮಾತ್ರೆ ತೆಗೆದುಕೊಳ್ಳುವವರಿಗೆ ಕ್ಯಾನ್ಸರ್ ಕಡಿಮೆಯೇ ಇತ್ತು. ಹಾಗಂತ ಕ್ಯಾಲ್ಸಿಯಂ ಗರ್ಭಕೋಶವನ್ನು ಕಾಪಾಡುತ್ತದೆ ಅಂತ ನಾನು ಹೇಳುವುದಿಲ್ಲ. ತಾವಾಗಿಯೇ ಮಾತ್ರೆ ಕೊಂಡು ತಿನ್ನುವವರು ಸಾಮಾನ್ಯವಾಗಿ ಬೆಳಿಗ್ಗೆ ವಾಕಿಂಗ್ ಹೋಗುವವರು, ತೂಕ ನೋಡಿಕೊಳ್ಳುವವರು, ವರ್ಷಕ್ಕೊಮ್ಮೆ ಚೆಕಪ್ ಮಾಡಿಸುವವರು. ಲಾಭ ಮಾತ್ರೆಯದ್ದೋ ವಾಕಿಂಗಿನದ್ದೋ ಯಾರು ಹೇಳಬೇಕು?

ಹಾಗಾದರೆ ಮೊಬೈಲಿಗೆ ಬಂದ ಮಾತು ಎಲ್ಲಿಂದ ಹುಟ್ಟಿತು? ಎರಡು ಮೂರು ಬೇರೆ ಬೇರೆ ಸಂಗತಿ ಸೇರಿ ಒಂದು ಸುದ್ದಿ ಆಗಿದೆ ಅನ್ನಿಸುತ್ತದೆ. ಗಂಡಸರಲ್ಲಿ ತುಂಬಾ ಜಾಸ್ತಿ ಕ್ಯಾಲ್ಸಿಯಂಗೂ ಪ್ರಾಸ್ಟೇಟ್ ಕ್ಯಾನ್ಸರಿಗೂ ನಂಟು ಇರಬಹುದು ಅನ್ನುವ ಚರ್ಚೆ ಬಹಳ ವರ್ಷದಿಂದ ಇದೆ. ಆದರೆ ಅದೇ ಕ್ಯಾಲ್ಸಿಯಂ ಊಟದಲ್ಲಿ ಚೆನ್ನಾಗಿ ಸಿಗುವವರಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಕಡಿಮೆ. ಒಂದು ಅಂಗದ ಮಾತನ್ನು ಇನ್ನೊಂದಕ್ಕೆ ಹೊಂದಿಸಲು ಆಗುವುದಿಲ್ಲ. ಇನ್ನೊಂದು, ಕೆಲವು ಕ್ಯಾನ್ಸರ್ ಬೆಳೆದಾಗ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ಲ್ಯಾಬ್ ರಿಪೋರ್ಟಿನಲ್ಲಿ ಅದನ್ನು ನೋಡಿದವರು ಕ್ಯಾಲ್ಸಿಯಂ ಜಾಸ್ತಿಯಾಗಿ ಕ್ಯಾನ್ಸರ್ ಬಂತು ಅಂದುಕೊಳ್ಳುತ್ತಾರೆ. ಅಲ್ಲಿ ಕ್ಯಾನ್ಸರ್ ಮೊದಲು, ಕ್ಯಾಲ್ಸಿಯಂ ಏರಿದ್ದು ಆಮೇಲೆ.

ಮೂರನೆಯದು ನಿಮ್ಮ ರಿಪೋರ್ಟಿನ 'ಕ್ಯಾಲ್ಸಿಫೈಡ್ ಫೈಬ್ರಾಯ್ಡ್'. ಈ ಪದ ನೋಡಿ ಗಾಬರಿಯಾಗಿ ಬರುವವರು ವಾರಕ್ಕೆ ಒಬ್ಬರಾದರೂ ಇರುತ್ತಾರೆ. ಫೈಬ್ರಾಯ್ಡ್ ಅಂದರೆ ಗರ್ಭಕೋಶದ ಸ್ನಾಯುವಿನಲ್ಲಿ ಬೆಳೆಯುವ ಗಡ್ಡೆ, ಕ್ಯಾನ್ಸರ್ ಅಲ್ಲ. ಮುಟ್ಟು ನಿಲ್ಲುವ ಹೊತ್ತಿಗೆ ಅದಕ್ಕೆ ರಕ್ತ ಬರುವುದು ಕಡಿಮೆಯಾಗುತ್ತದೆ, ಒಳಗಿನ ಜೀವಕೋಶಗಳು ಸಾಯುತ್ತವೆ, ಅಲ್ಲಿ ಸುಣ್ಣದ ಅಂಶ ಕೂರುತ್ತದೆ. ಹಳೆಯ ಬಾವಿ ಹೂಳು ತುಂಬಿ ನೆಲಕ್ಕೆ ಸಮ ಆಗುವ ಹಾಗೆ, ಅದು ಗಡ್ಡೆಯ ಮುಪ್ಪು. ನೀವು ತಿಂದ ಮಾತ್ರೆ ಹೋಗಿ ಅಲ್ಲಿ ಅಂಟಿಕೊಂಡಿದ್ದಲ್ಲ. ನಿಮ್ಮ ಪತ್ರದ ಪ್ರಕಾರವೇ ಸ್ಕ್ಯಾನಿಂಗ್ ಆಗಿದ್ದು ನಾಲ್ಕು ವರ್ಷದ ಹಿಂದೆ, ಮಾತ್ರೆ ಶುರು ಮಾಡಿದ್ದು ಎರಡು ವರ್ಷದ ಹಿಂದೆ. ಮಾತ್ರೆ ಬರುವ ಮುಂಚೆಯೇ ಸುಣ್ಣ ಇತ್ತು, ಅಲ್ವಾ?

ಕ್ಯಾಲ್ಸಿಯಂ ಮೇಲೆ ಅನುಮಾನ ಬೀಳಲು ಎಲ್ಲಕ್ಕಿಂತ ದೊಡ್ಡ ಕಾರಣ ವಯಸ್ಸು. 45 ದಾಟಿದ ಮೇಲೆ ಮನೆಯಲ್ಲಿ ಕ್ಯಾಲ್ಸಿಯಂ ಮಾತ್ರೆಯ ಪಟ್ಟಿ ಇಲ್ಲದ ಹೆಂಗಸು ಈಗ ಅಪರೂಪ. ಗರ್ಭಕೋಶದ ಕ್ಯಾನ್ಸರ್ ಬರುವುದೂ ಹೆಚ್ಚಾಗಿ ಅದೇ ವಯಸ್ಸಿನಿಂದ ಆಚೆ. ಕ್ಯಾನ್ಸರ್ ಬಂದ ಯಾರ ಮನೆಗೆ ಹೋಗಿ ಹುಡುಕಿದರೂ ಫ್ರಿಜ್ಜಿನ ಮೇಲೋ ಕಿಟಕಿಯಲ್ಲೋ ಆ ಡಬ್ಬಿ ಸಿಗುತ್ತದೆ. ಓದುವ ಕನ್ನಡಕವೂ ಸಿಗುತ್ತದೆ.

ನಿಜವಾದ ಕಾರಣ ಏನು? ಗರ್ಭಕೋಶದ ಒಳಪದರಕ್ಕೆ ಈಸ್ಟ್ರೋಜನ್ ಅಂದರೆ ಗೊಬ್ಬರ, ಪ್ರೊಜೆಸ್ಟಿರೋನ್ ಅಂದರೆ ಕಳೆ ಕೀಳುವ ಕೈ. ಪ್ರತಿ ತಿಂಗಳು ಅಂಡಾಣು ಬಿಡುಗಡೆ ಆದಾಗ ಪ್ರೊಜೆಸ್ಟಿರೋನ್ ಬರುತ್ತದೆ, ಬೆಳೆದ ಪದರ ಉದುರುತ್ತದೆ. ಅದೇ ಮುಟ್ಟು. ಅಂಡಾಣು ಬಿಡುಗಡೆ ತಪ್ಪಿದರೆ ಗೊಬ್ಬರ ಬೀಳುತ್ತಲೇ ಇರುತ್ತದೆ, ಕಳೆ ಕೀಳುವವರಿಲ್ಲ. ಪಿಸಿಒಡಿ, ಅಂದರೆ ಹಾರ್ಮೋನ್ ಏರುಪೇರಾಗಿ ಮುಟ್ಟು ತಪ್ಪುವ ಅಂಡಾಶಯದ ತೊಂದರೆ ಇರುವವರಲ್ಲಿ ವರ್ಷಗಟ್ಟಲೆ ಹೀಗಾಗುತ್ತದೆ. ಮುಟ್ಟು ನಿಂತ ಮೇಲೆ ಅಂಡಾಶಯದಿಂದ ಈಸ್ಟ್ರೋಜನ್ ಬರುವುದಿಲ್ಲ ಸರಿ, ಆದರೆ ಮೈಯ ಕೊಬ್ಬು ಅದನ್ನು ತಯಾರಿಸುತ್ತಲೇ ಇರುತ್ತದೆ. ಹಾಗಾಗಿ ತೂಕಕ್ಕೂ ಈ ಕ್ಯಾನ್ಸರಿಗೂ ಇರುವ ನಂಟು ಬೇರೆ ಯಾವ ಕ್ಯಾನ್ಸರಿಗೂ ಇಷ್ಟು ಗಟ್ಟಿಯಾಗಿಲ್ಲ ಅನ್ನಬಹುದು. ತೂಕ ಜಾಸ್ತಿ ಇರುವವರಿಗೆ ಅಪಾಯ ಎರಡರಿಂದ ನಾಲ್ಕು ಪಟ್ಟು. ತೀರಾ ದಪ್ಪ ಇರುವವರಿಗೆ ಏಳು ಪಟ್ಟು. ಶುಗರ್, ಮಕ್ಕಳಾಗದಿರುವುದು, ಮುಟ್ಟು ತಡವಾಗಿ ನಿಲ್ಲುವುದು ಕೂಡ ಲೆಕ್ಕಕ್ಕೆ ಬರುತ್ತವೆ. ಸ್ತನ ಕ್ಯಾನ್ಸರಿಗೆ ಕೊಡುವ ಟ್ಯಾಮಾಕ್ಸಿಫೆನ್ ಕೂಡ ಗರ್ಭಕೋಶದ ಮಟ್ಟಿಗೆ ಸ್ವಲ್ಪ ಈಸ್ಟ್ರೋಜನ್ ಥರ ವರ್ತಿಸುತ್ತದೆ. ಆ ಮಾತ್ರೆಯಲ್ಲಿ ಇರುವವರು ಕೆಂಪು ಕಂಡರೆ ಕಾಯಬಾರದು, ಆದರೆ ಹೆದರಿ ತಾವೇ ಮಾತ್ರೆ ಬಿಡಲೂ ಬಾರದು.

ಅಪಾಯ ತಗ್ಗಿಸುವವೂ ಇವೆ. ಗರ್ಭನಿರೋಧಕ ಗುಳಿಗೆಯನ್ನು ಐದು ವರ್ಷ ತೆಗೆದುಕೊಂಡವರಲ್ಲಿ ಈ ಕ್ಯಾನ್ಸರ್ ಸುಮಾರು ಕಾಲು ಭಾಗ ಕಡಿಮೆ. ಆಮೇಲೆ, ನಂಬಿದರೆ ನಂಬಿ, ಕಾಫಿ. ಕಾಫಿ ಕುಡಿಯುವವರಲ್ಲಿ ಇದು ಕಡಿಮೆ ಅಂತ ಸಾಕಷ್ಟು ಅಧ್ಯಯನಗಳು ಹೇಳುತ್ತವೆ. ಎರಡು ಚಮಚ ಸಕ್ಕರೆ ಹಾಕಿ ದಿನಕ್ಕೆ ಐದು ಲೋಟ ಕುಡಿಯಿರಿ ಅಂತ ನಾನು ಹೇಳಿದೆ ಅನ್ನಬೇಡಿ ಮತ್ತೆ.

ಈಗ ನಿಮ್ಮ ಅಪ್ಪನ ವಿಷಯ. "ಹೆಂಗಸರಿಗೆ ಯಾರಿಗೂ ಇಲ್ಲ, ಅಪ್ಪ ಮಾತ್ರ" ಅಂತ ಬರೆದಿದ್ದೀರಿ. ನನ್ನ ಗಮನ ನಿಂತಿದ್ದು ಆ 'ಮಾತ್ರ' ಅನ್ನುವ ಪದದ ಮೇಲೆ. 1895ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಆಲ್ಡ್ರೆಡ್ ವಾರ್ಥಿನ್ ಅನ್ನುವ ವೈದ್ಯರಿದ್ದರು. ಅವರ ಮನೆಗೆ ಬಟ್ಟೆ ಹೊಲಿಯುತ್ತಿದ್ದ ಹೆಂಗಸು ಒಂದು ದಿನ ಬೇಸರದಲ್ಲಿದ್ದಳು. ಕೇಳಿದಾಗ ಅಂದಳಂತೆ, ನಮ್ಮ ಮನೆಯಲ್ಲಿ ಎಲ್ಲರೂ ಹೊಟ್ಟೆ, ಕರುಳು ಅಥವಾ ಹೆಂಗಸರ ಅಂಗದ ಕ್ಯಾನ್ಸರಿನಿಂದಲೇ ಬೇಗ ಸಾಯುತ್ತಾರೆ, ನಾನೂ ಹಾಗೇ ಸಾಯುತ್ತೇನೆ ಅಂತ. ಅವಳು ಸತ್ತಿದ್ದು ಗರ್ಭಕೋಶದ ಒಳಪದರದ ಕ್ಯಾನ್ಸರಿನಿಂದ. ವಾರ್ಥಿನ್ ಆ ಮನೆತನದ ವಂಶಾವಳಿ ಬರೆದು 1913ರಲ್ಲಿ ಪ್ರಕಟಿಸಿದರು. 1960ರ ದಶಕದಲ್ಲಿ ಹೆನ್ರಿ ಲಿಂಚ್ ಅನ್ನುವ ವೈದ್ಯರು ಇಂಥದ್ದೇ ಮನೆತನಗಳನ್ನು ಹುಡುಕಿ ಕೆಲಸ ಮುಂದುವರಿಸಿದರು. ಅದಕ್ಕೆ ಈಗ ಲಿಂಚ್ ಸಿಂಡ್ರೋಮ್ ಅನ್ನುತ್ತೇವೆ. ದೊಡ್ಡ ಕರುಳಿನ ಕ್ಯಾನ್ಸರ್ ಮತ್ತು ಗರ್ಭಕೋಶದ ಕ್ಯಾನ್ಸರ್ ಎರಡೂ ಒಂದೇ ಜೀನ್ ದೋಷದಿಂದ, ಚಿಕ್ಕ ವಯಸ್ಸಿಗೆ ಬರುವ ಕಾಯಿಲೆ. ತಂದೆಯಿಂದಲೂ ಬರುತ್ತದೆ, ತಾಯಿಯಿಂದಲೂ. ಪ್ರತಿ ಮಗುವಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ.

ಗರ್ಭಕೋಶದ ಕ್ಯಾನ್ಸರ್ ಬಂದ ನೂರು ಜನರಲ್ಲಿ ಸುಮಾರು ಮೂರು ಜನರಿಗೆ ಮಾತ್ರ ಇದು ಕಾರಣ. ಹಾಗಾಗಿ ನಿಮ್ಮ ಮನೆಯಲ್ಲಿ ಇದೇ ಇದೆ ಅಂತ ಅಲ್ಲ. ಆದರೆ ಅಪ್ಪನಿಗೆ 49ಕ್ಕೆ ಕರುಳು, ಮಗಳಿಗೆ 47ಕ್ಕೆ ಗರ್ಭಕೋಶ. ಇದನ್ನು ಕೇಳಿ ಯಾವ ಕ್ಯಾನ್ಸರ್ ವೈದ್ಯರೂ ಸುಮ್ಮನೆ ಮುಂದೆ ಹೋಗಬಾರದು. ನೀವು ಹೇಳದಿದ್ದರೆ ಅವರಿಗೆ ಗೊತ್ತಾಗುವುದು ಹೇಗೆ? ಗರ್ಭಕೋಶದ ಕಾಯಿಲೆಗೆ ಬಂದವರು ಅಪ್ಪನ ಕರುಳಿನ ಮಾತು ಎತ್ತುವುದೇ ಇಲ್ಲ. ತಂಗಿಯ ವೈದ್ಯರಿಗೆ ಇದನ್ನು ಹೇಳಿ, ಬಯಾಪ್ಸಿ ಚೂರಿನ ಮೇಲೆ 'ಎಂಎಂಆರ್' ಪರೀಕ್ಷೆ (ಆ ಜೀನ್ ದೋಷದ ಸುಳಿವು ಗಡ್ಡೆಯಲ್ಲಿ ಇದೆಯಾ ಅಂತ ನೋಡುವುದು) ಆಗಿದೆಯಾ ಅಂತ ಕೇಳಿ. ಹೊಸದಾಗಿ ಏನೂ ಚುಚ್ಚಬೇಕಿಲ್ಲ, ತೆಗೆದಿಟ್ಟ ತುಣುಕಿನಲ್ಲೇ ಮಾಡುತ್ತಾರೆ. ಅದರಲ್ಲಿ ದೋಷ ಕಂಡರೆ ರಕ್ತದ ಜೀನ್ ಪರೀಕ್ಷೆ, ಜೆನೆಟಿಕ್ ಕೌನ್ಸೆಲಿಂಗ್. ಬೆಂಗಳೂರು, ಮಣಿಪಾಲದಂಥ ಕಡೆ ಅದಕ್ಕೆ ವ್ಯವಸ್ಥೆ ಇದೆ. ತಂಗಿಗೆ ಇದೆ ಅಂತಾದರೆ ನೀವು, ನಿಮ್ಮ ಅಣ್ಣತಮ್ಮಂದಿರು ಎಲ್ಲರೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ದೋಷ ಇದ್ದವರು ಒಂದೆರಡು ವರ್ಷಕ್ಕೊಮ್ಮೆ ಕೊಲೊನೋಸ್ಕೋಪಿ ಮಾಡಿಸಿಕೊಂಡರೆ ಕರುಳಿನಲ್ಲಿ ಗಂಟು ಸಣ್ಣದಿರುವಾಗಲೇ ತೆಗೆದುಬಿಡಬಹುದು. ಯಾವ ಜೀನ್ ಅನ್ನುವುದರ ಮೇಲೆ ಹೆಂಗಸರಿಗೆ ಗರ್ಭಕೋಶದ ಕ್ಯಾನ್ಸರಿನ ಅಪಾಯ ಬೇರೆ ಬೇರೆ. ಕೆಲವರಲ್ಲಿ ಅದು ನೂರಕ್ಕೆ 40 ದಾಟುತ್ತದೆ. ಕ್ಯಾಲ್ಸಿಯಂ ಡಬ್ಬಿಯನ್ನು ತಿರುಗಿಸಿ ನೋಡುವ ಬದಲು ನಿಮ್ಮ ದೊಡ್ಡಪ್ಪ, ಚಿಕ್ಕಪ್ಪ, ಅತ್ತೆ, ಅಜ್ಜಿ ಯಾರು ಯಾವ ವಯಸ್ಸಿಗೆ ಯಾವ ಕಾಯಿಲೆಯಿಂದ ಹೋದರು ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಅಮ್ಮ ಇದ್ದರೆ ಅವರನ್ನು ಕೇಳಿ. ಹಳೆಯ ಕಾಲದ "ಹೊಟ್ಟೆಯಲ್ಲಿ ಗೆಡ್ಡೆ ಆಗಿತ್ತು" ಅನ್ನುವ ಮಾತನ್ನೂ ಹಾಗೇ ಬರೆದುಕೊಳ್ಳಿ.

ಮಾತ್ರೆ ಮತ್ತೆ ಶುರು ಮಾಡಬೇಕಾ ಅಂದರೆ, ಆತುರ ಇಲ್ಲ. ಹದಿನೈದು ದಿನ ಬಿಟ್ಟರೆ ಮೂಳೆ ಕರಗಿ ಹೋಗುವುದಿಲ್ಲ. ಆದರೆ ದಿನಕ್ಕೆ ಎರಡು ಬೇಕಾ ಅನ್ನುವುದನ್ನು ನೋಡೋಣ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ 2020ರ ಲೆಕ್ಕದಲ್ಲಿ ಮುಟ್ಟು ನಿಂತ ಹೆಂಗಸಿಗೆ ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಇದು ಮಾತ್ರೆಯಿಂದಲೇ ಬರಬೇಕು ಅಂತ ಅಲ್ಲ. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಒಂದು ದೊಡ್ಡ ಲೋಟ ಹಾಲಿನಲ್ಲಿ 240, ಒಂದು ಬಟ್ಟಲು ಗಟ್ಟಿ ಮೊಸರಿನಲ್ಲಿ 200ರ ಹತ್ತಿರ. ಎಳ್ಳು, ನುಗ್ಗೆಸೊಪ್ಪು, ಹುರುಳಿ ಎಲ್ಲದರಲ್ಲೂ ಚೆನ್ನಾಗಿದೆ. ನಿಮ್ಮ ಕಡೆ ಮಧ್ಯಾಹ್ನಕ್ಕೆ ಜೋಳದ ರೊಟ್ಟಿ ಇದ್ದರೆ ಅದರಲ್ಲಿ ಕ್ಯಾಲ್ಸಿಯಂ ತೀರಾ ಕಡಿಮೆ, ಅನ್ನದಲ್ಲಿ ಇನ್ನೂ ಕಡಿಮೆ. ರೊಟ್ಟಿ ತಟ್ಟುವಾಗ ಮೇಲೆ ಎಳ್ಳು ಹಚ್ಚಿ, ಬಟ್ಟಲಲ್ಲಿ ಮೊಸರು ಇರಲಿ. ರಾತ್ರಿ ಮುದ್ದೆ ಮಾಡುವ ಮನೆಯಾದರೆ ಅರ್ಧ ಕೆಲಸ ಆದ ಹಾಗೆ. ಎಲೆ ಅಡಿಕೆಗೆ ಹಚ್ಚುವ ಸುಣ್ಣದಲ್ಲೂ ಕ್ಯಾಲ್ಸಿಯಂ ಇದೆ ಅಂತ ಅಜ್ಜಿಯರು ವಾದ ಮಾಡುತ್ತಾರೆ. ಇದೆ ನಿಜ. ಆದರೆ ಜೊತೆಗಿರುವ ಅಡಿಕೆ ಬಾಯಿ ಕ್ಯಾನ್ಸರ್ ತರುತ್ತದೆ, ಆ ನಂಟು ಸಾಬೀತಾಗಿದೆ.

ಊಟದಿಂದ 700, 800 ಬರುತ್ತಿದ್ದರೆ ದಿನಕ್ಕೆ ಒಂದೇ ಮಾತ್ರೆ ಸಾಕು. '500' ಅಂತ ಬರೆದ ಮಾತ್ರೆಯ ಪಟ್ಟಿಯ ಹಿಂದೆ ಕ್ಯಾಲ್ಸಿಯಂ ಕಾರ್ಬೊನೇಟ್ 1,250 ಮಿಲಿಗ್ರಾಂ ಅಂತ ಇರುತ್ತದೆ, ಗಾಬರಿಯಾಗಬೇಡಿ. ಅದರಲ್ಲಿ ನಿಜವಾದ ಕ್ಯಾಲ್ಸಿಯಂ 500. ಕಾರ್ಬೊನೇಟ್ ಆದರೆ ಊಟದ ಜೊತೆ, ಸಿಟ್ರೇಟ್ ಆದರೆ ಯಾವಾಗಾದರೂ. ಥೈರಾಯ್ಡ್ ಮಾತ್ರೆ ಇದ್ದರೆ ಎರಡರ ಮಧ್ಯೆ ನಾಲ್ಕು ಗಂಟೆ ಬಿಡಿ, ಕಬ್ಬಿಣದ ಮಾತ್ರೆ ಇದ್ದರೆ ಎರಡು ಗಂಟೆ. ಮಂಡಿ ನೋವಿಗೆ ಇದು ಮದ್ದಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಮಂಡಿಯಲ್ಲಿ ಸವೆಯುವುದು ಮೂಳೆಯ ತುದಿಯ ಮೆತ್ತನೆ ಪದರ, ಅದಕ್ಕೂ ಕ್ಯಾಲ್ಸಿಯಂಗೂ ಸಂಬಂಧ ಇಲ್ಲ. ಮೂಳೆ ಗಟ್ಟಿ ಇದೆಯೋ ಇಲ್ಲವೋ ತಿಳಿಯಲು ಡೆಕ್ಸಾ ಸ್ಕ್ಯಾನ್ ಇದೆ.

ಕ್ಯಾಲ್ಸಿಯಂ ಮಾತ್ರೆಯ ಬಗ್ಗೆ ಹೆದರಲೇಬೇಕು ಅಂದರೆ ಸರಿಯಾದ್ದಕ್ಕೆ ಹೆದರಿ. ಅದೇ ಮೂವತ್ತಾರು ಸಾವಿರ ಹೆಂಗಸರಲ್ಲಿ ಕ್ಯಾಲ್ಸಿಯಂ ಗುಂಪಿಗೆ ಕಿಡ್ನಿ ಕಲ್ಲು ನೂರಕ್ಕೆ 17ರಷ್ಟು ಜಾಸ್ತಿ ಆಗಿತ್ತು. ಹೃದಯಕ್ಕೆ ಒಳ್ಳೆಯದೋ ಕೆಟ್ಟದ್ದೋ ಅನ್ನುವ ಜಗಳ ಇನ್ನೂ ಮುಗಿದಿಲ್ಲ. ಅದಕ್ಕೇ ಬೇಕಾದಷ್ಟು ಮಾತ್ರ ತಿನ್ನಿ ಅನ್ನುವುದು. 60,000 ಯೂನಿಟ್ಟಿನ ವಿಟಮಿನ್ ಡಿ ಪೊಟ್ಟಣವನ್ನು ಡಾಕ್ಟರು ಎಂಟು ವಾರ ಅಂದರೆ ಎಂಟೇ ವಾರ. ಅದನ್ನು ವರ್ಷಗಟ್ಟಲೆ ಪ್ರತಿ ವಾರ ಕುಡಿದು, ರಕ್ತದಲ್ಲಿ ಕ್ಯಾಲ್ಸಿಯಂ ಏರಿ, ವಾಂತಿ, ಮಲಬದ್ಧತೆ ಅಂತ ಬಂದವರನ್ನು ನೋಡಿದ್ದೇನೆ.

ಕೊನೆಗೆ ತಂಗಿ. ಕಾಯಿಲೆ ಗರ್ಭಕೋಶದ ಒಳಗೇ ಇರುವಾಗ ಸಿಕ್ಕಿದರೆ ಅಮೆರಿಕದ ಲೆಕ್ಕದಲ್ಲಿ ನೂರಕ್ಕೆ ಸುಮಾರು 95 ಜನ ಐದು ವರ್ಷದ ನಂತರವೂ ಚೆನ್ನಾಗಿದ್ದಾರೆ. ಆಪರೇಷನ್ನಿನಲ್ಲಿ ಗರ್ಭಕೋಶದ ಜೊತೆ ಸಾಮಾನ್ಯವಾಗಿ ಎರಡೂ ಅಂಡಾಶಯಗಳನ್ನು ತೆಗೆಯುತ್ತಾರೆ. 47ಕ್ಕೆ ಅಂಡಾಶಯ ಹೋದರೆ ಈಸ್ಟ್ರೋಜನ್ ಒಂದೇ ದಿನಕ್ಕೆ ನಿಲ್ಲುತ್ತದೆ. ನಿಧಾನಕ್ಕೆ ಮುಟ್ಟು ನಿಲ್ಲುವವರಿಗಿಂತ ಮೂಳೆ ಬೇಗ ಸವೆಯುತ್ತದೆ. ಹಾಗಾಗಿ ನಿಮ್ಮಿಬ್ಬರಲ್ಲಿ ಕ್ಯಾಲ್ಸಿಯಂ ಜಾಸ್ತಿ ಬೇಕಾಗುವುದು ಅವಳಿಗೇ. ನಿಲ್ಲಿಸು ಅಂತ ಹೇಳಬೇಡಿ. ಆಪರೇಷನ್ ಹಿಂದಿನ ದಿನ ಅರಿವಳಿಕೆ ಡಾಕ್ಟರಿಗೆ ಎಲ್ಲ ಮಾತ್ರೆಗಳ ಪಟ್ಟಿ ತೋರಿಸಲಿ, ಆಮೇಲೆ ಯಾವಾಗ ಶುರು ಮಾಡಬೇಕು ಅಂತ ಅವರೇ ಹೇಳುತ್ತಾರೆ. ಮೂಳೆಯ ಸ್ಕ್ಯಾನ್ ಬಗ್ಗೆ ಅವಳೇ ನೆನಪಿಸಿ ಕೇಳಲಿ, ಕ್ಯಾನ್ಸರ್ ಗಡಿಬಿಡಿಯಲ್ಲಿ ಅದು ಮರೆತುಹೋಗುತ್ತದೆ. ನಿನ್ನಿಂದಲೇ ನಾನು ಮಾತ್ರೆ ಶುರು ಮಾಡಿದ್ದು ಅಂತ ಅವಳು ಅಂದಿದ್ದರೆ, ಅಥವಾ ಅನ್ನದೇ ಇದ್ದರೂ ನಿಮಗೇ ಹಾಗೆ ಕೊರೆಯುತ್ತಿದ್ದರೆ, ಈ ಉತ್ತರವನ್ನು ಅವಳಿಗೂ ಓದಿ ಹೇಳಿ.

ನಿಮ್ಮ ಸ್ಕ್ಯಾನಿಂಗಿಗೆ ಹೋಗುವಾಗ ನಾಲ್ಕು ವರ್ಷದ ಹಿಂದಿನ ರಿಪೋರ್ಟ್, ತಂಗಿಯ ಬಯಾಪ್ಸಿ ರಿಪೋರ್ಟಿನ ಜೆರಾಕ್ಸ್ ಮತ್ತು ಆ ವಂಶಾವಳಿಯ ಹಾಳೆ, ಮೂರನ್ನೂ ಚೀಲದಲ್ಲಿ ಹಾಕಿಕೊಳ್ಳಿ. ಕೆಂಪು ಕಂಡ ತಾರೀಖು ಕೇಳುತ್ತಾರೆ, ಅದನ್ನೂ ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.